ಎತ್ತಿದ ಕಾಲು

ಮುದುಕ ಹೋಬರ್ಟ್‌ನ ಗಾಡಿ ಅದರ ಜಾಗದಲ್ಲಿರಲಿಲ್ಲ. ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ, ಒಂದು ಕೈಯಲ್ಲಿ ಟಾರ್ಪಾಲಿನ ಹಗ್ಗ, ಇನ್ನೊಂದರಲ್ಲಿ ಗೂಟ ಹೊಡೆಯುವ ಸುತ್ತಿಗೆ ಹಿಡಿದು ನಿಂತಿದ್ದ ವರ್ಲಿನ್ ಏಕರ್ಸ್ ಆ ಖಾಲಿ ಹುಲ್ಲನ್ನೇ ನೋಡಿದ. ಇಪ್ಪತ್ತಾರು ವರ್ಷ, ಆಗಸ್ಟಿನ ಈ ಮೂರು ದಿನದ ಸಂಗೀತ ಹಬ್ಬದಲ್ಲಿ, ಗೆಳೆಯ ಗಾರ್ನೆಟ್‌ನ ಕ್ಯಾಂಪರಿಗೆ, ಒಳಗೇ ಮಲಗುವ ಗಾಡಿಗೆ, ಎದುರಾಗಿ, ಬಾಗಿಲಿಗೆ ಬಾಗಿಲು ಕೊಟ್ಟು ನಿಲ್ಲುತ್ತಿದ್ದ ಹಳೆಯ ಬಿಳಿ ಕ್ಯಾಂಪರ್ ಈಗ ಹೊಲದ ಆಚೆ ತುದಿಯಲ್ಲಿ, ತೊರೆಯ ದಂಡೆಯ ಮೇಲೆ, ನೀರಿಗೆ ಮುಖ ಮಾಡಿ ನಿಂತಿತ್ತು. ಇತ್ತ ಕಡೆಗೆ ಅದರ ಬೆನ್ನು ಮಾತ್ರ ಕಾಣುತ್ತಿತ್ತು. ಗಾಡಿಗೂ ಸಿಟ್ಟು ಬರುತ್ತದೆ ಎಂದು ವರ್ಲಿನ್‌ಗೆ ಇಲ್ಲಿಯವರೆಗೆ ಗೊತ್ತಿರಲಿಲ್ಲ. ಬಂದಾನೋ ಇಲ್ಲವೋ ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿಕೊಂಡು ಬಂದಿದ್ದ ಅವನಿಗೆ, ಮುದುಕ ಬಂದಿದ್ದಾನೆ ಎಂದು ಸಮಾಧಾನಪಡಬೇಕೋ, ಬಂದೂ ಅಷ್ಟು ದೂರ ಹೋಗಿ ನಿಂತಿದ್ದಾನೆ ಎಂದು ಬೇಸರಪಡಬೇಕೋ ತಿಳಿಯಲಿಲ್ಲ. ಎರಡೂ ಒಟ್ಟಿಗೇ ಆಯಿತು.

"ಅಲ್ಲೇನ್ ನೋಡ್ತಾ ನಿಂತಿದೀಯ? ಗೂಟ ಇಲ್ಲಿದೆ," ಎಂದಳು ಅವನ ಹೆಂಡತಿ ನೆಲ್ಡಾ, ಐಸ್ ಪೆಟ್ಟಿಗೆಯ ಮೇಲೆ ಕೂತು ಟೊಮೆಟೊ ಹೆಚ್ಚುತ್ತಾ. "ಹುಳಿ ಮಜ್ಜಿಗೆ ಕುಡಿದೋನ ಹಾಗೆ ಮುಖ ಮಾಡ್ಕೊಂಡು. ಹಬ್ಬಕ್ಕೆ ಬಂದಿದೀವಿ ಮಾರಾಯ, ಹಲ್ಲು ಕೀಳಿಸೋಕಲ್ಲ."

"ಹೋಬರ್ಟ್ ತೊರೆ ಹತ್ರ ಹಾಕಿದಾರೆ ಗಾಡೀನ."

"ನಂಗೂ ಕಣ್ಣಿದೆ," ಎಂದಳು ಅವಳು. ಹಳದಿ ತಿರುಳಿನ ದೊಡ್ಡ ಟೊಮೆಟೊವನ್ನು ಬೆರಳ ದಪ್ಪಕ್ಕೆ ಕತ್ತರಿಸಿ, ಬ್ರೆಡ್ಡಿಗೆ ಮೇಯನೇಸ್ ಬಳಿದು, ಉಪ್ಪು ಮೆಣಸು ಉದುರಿಸಿ ಅವನ ಕೈಗಿಟ್ಟಳು. ರಸ ಮೊಣಕೈಯವರೆಗೂ ಇಳಿಯಿತು. ಹಸಿವಿಲ್ಲ ಎಂದುಕೊಂಡೇ ಪೂರ್ತಿ ತಿಂದ. ದೂರದಲ್ಲಿ ವೇದಿಕೆಯ ಮೇಲೆ ಯಾರೋ ಮೈಕು ಸರಿಮಾಡುತ್ತಿದ್ದರು, ಹತ್ತಿರದಲ್ಲೇ ಗಾರ್ನೆಟ್ ಬ್ಯಾಂಜೊ ಶ್ರುತಿ ಮಾಡುತ್ತಿದ್ದ. ಗಾರ್ನೆಟ್‌ನ ಬ್ಯಾಂಜೊ ಶ್ರುತಿಗೆ ಬರುವಷ್ಟರಲ್ಲಿ ಬಿತ್ತಿದ ಮೆಕ್ಕೆಜೋಳ ತೆನೆ ಬಿಡುತ್ತದೆ ಎಂದು ನೆಲ್ಡಾ ವರ್ಷವೂ ಹೇಳುತ್ತಾಳೆ, ಈ ವರ್ಷವೂ ಹೇಳಿದಳು. ವರ್ಲಿನ್ ನಕ್ಕ. ಈ ಜಾಗಕ್ಕೆ ಬಂದು ಸುಖವಾಗಿರದೆ ಇರುವುದು ಅವನಿಂದ ಆಗದ ಕೆಲಸ, ಅದಕ್ಕಾಗಿಯೇ ಅವನಿಗೆ ತನ್ನ ಮೇಲೆ ಒಂದಿಷ್ಟು ನಾಚಿಕೆಯೂ ಇತ್ತು. ತಪ್ಪು ಮಾಡಿದವನ ನಾಲಗೆಗೆ ಟೊಮೆಟೊ ಇಷ್ಟು ರುಚಿಯಾಗಬಾರದಿತ್ತು.

ತಪ್ಪೆಂದರೆ ಇಷ್ಟೇ, ಕೇಳಿದವರು ನಕ್ಕಾರು. ಹಬ್ಬದಲ್ಲಿ ಗಾಡಿಗಳ ನಡುವೆ ವಾದ್ಯ ಹಿಡಿದು ಸೇರುವ ಈ ಕೂಟಗಳಿಗೆ ಬರೆದಿಟ್ಟ ನಿಯಮ ಒಂದೂ ಇಲ್ಲ, ಮುರಿದವನಿಗೆ ಮಾಫಿಯೂ ಇಲ್ಲ. ಮಡಚುಕುರ್ಚಿಗಳನ್ನು ದುಂಡಗೆ ಹಾಕಿಕೊಂಡು ಕೂರುತ್ತಾರೆ, ಒಬ್ಬ ಒಂದು ಹಾಡು ಎತ್ತಿಕೊಳ್ಳುತ್ತಾನೆ, ಸರದಿ ಒಬ್ಬರಿಂದ ಒಬ್ಬರಿಗೆ ಸುತ್ತುತ್ತದೆ, ಬಂದ ಸರದಿಯಲ್ಲಿ ಆ ಹಾಡನ್ನು ತನ್ನ ವಾದ್ಯದಲ್ಲಿ ತನಗೆ ತೋಚಿದಂತೆ ನುಡಿಸಬೇಕು, ಬೇಡವಾದರೆ ತಲೆ ಅಲ್ಲಾಡಿಸಿ ಮುಂದಿನವನಿಗೆ ದಾಟಿಸಬೇಕು. ವರ್ಲಿನ್ ಮೂವತ್ತು ವರ್ಷದಿಂದ ತಲೆ ಅಲ್ಲಾಡಿಸಿಕೊಂಡೇ ಬಂದವನು. ತಾಳಕ್ಕೆ ಸರಿಯಾಗಿ ಗಿಟಾರ್ ಮೀಟುತ್ತಾನೆ, ಅಷ್ಟೇ, ಅದರಲ್ಲಿ ಅವನಿಗೆ ಕೊರತೆಯೆನಿಸಿಲ್ಲ. ಇನ್ನು ಹಾಡು ಮುಗಿಸುವುದು. ಎಲ್ಲರ ಕೈಯಲ್ಲೂ ವಾದ್ಯ, ಅರ್ಧ ಜನರ ಬಾಯಲ್ಲಿ ಹಾಡು, ಹೇಳುವುದು ಹೇಗೆ? ಹಾಡು ಎತ್ತಿಕೊಂಡವನು ಒಂದು ಕಾಲನ್ನು ಮುಂದಕ್ಕೆ ಎತ್ತುತ್ತಾನೆ. ಎತ್ತಿದ ಕಾಲು ಕಂಡರೆ ಸಾಕು, ಆ ಸುತ್ತಿನ ಕೊನೆಗೆ ಎಲ್ಲರೂ ಒಟ್ಟಿಗೆ ನಿಲ್ಲಿಸುತ್ತಾರೆ. ಯಾರ ಕಾಲೆಂದು ಯಾರೂ ನೋಡುವುದಿಲ್ಲ.

ಹೋದ ವರ್ಷದ ಶನಿವಾರ ಗಾರ್ನೆಟ್ ಎತ್ತಿಕೊಂಡದ್ದು ಐವಾಳ ವಾಲ್ಟ್ಸನ್ನು, ನಿಧಾನದ ಒಂದು ಕುಣಿತದ ರಾಗವನ್ನು. ಐವಾ ಹೋಬರ್ಟ್‌ನ ಹೆಂಡತಿ. ಮದುವೆಗೆ ಮುಂಚೆ ಅವಳಿಗೆಂದೇ ಹೋಬರ್ಟ್ ಪಿಟೀಲಿನ ಮೇಲೆ ಕಟ್ಟಿದ್ದು ಅದು, ಈ ಬೆಟ್ಟದ ಮೇಲೆ ವಾದ್ಯ ಹಿಡಿದವರೆಲ್ಲ ಅದನ್ನು ಕಲಿತಿದ್ದಾರೆ. ಐವಾ ಅದಕ್ಕೆ ಹಿಂದಿನ ಚಳಿಗಾಲದಲ್ಲಿ ತೀರಿಕೊಂಡಿದ್ದಳು. ಅಂದಿನಿಂದ ಹೋಬರ್ಟ್ ಪಿಟೀಲು ಮುಟ್ಟಿರಲಿಲ್ಲ, ಆದರೂ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಕೂಟದಲ್ಲಿ ಕೂತಿದ್ದ. ಗಾರ್ನೆಟ್ ಬೇಕೆಂದೇ ಅವನ ಎಡಕ್ಕೆ ಕೂತು, ಬೇಕೆಂದೇ ಸರದಿಯನ್ನು ಎಡಕ್ಕೆ ಬಿಟ್ಟ, ಕೊನೆಯ ಸರದಿ ಹೋಬರ್ಟ್‌ದೇ ಆಗುವ ಹಾಗೆ. ಎಲ್ಲರಿಗೂ ಅರ್ಥವಾಗಿತ್ತು. ಹನ್ನೊಂದು ಜನ ಒಬ್ಬೊಬ್ಬರಾಗಿ ಅದನ್ನು ನುಡಿಸಿ ಮುದುಕನ ಕಡೆಗೆ ಒಯ್ಯುತ್ತಿದ್ದರು. ವರ್ಲಿನ್ ಅವನಿಗೆ ನೇರ ಎದುರಿಗೆ ಕೂತಿದ್ದ. ಹೋಬರ್ಟ್ ಪೆಟ್ಟಿಗೆ ತೆರೆದ, ಪಿಟೀಲನ್ನು ಗದ್ದಕ್ಕೆ ಕೊಟ್ಟ, ಕಮಾನನ್ನು ತಂತಿಯ ಮೇಲಿಟ್ಟ. ಆ ಗಳಿಗೆಗೆ ಸರಿಯಾಗಿ ವರ್ಲಿನ್‌ನ ಬಲಗಾಲಿನ ಮೀನಖಂಡದಲ್ಲಿ ನರ ಹಿಡಿದುಕೊಂಡಿತು. ಕಣ್ಣಿಗೆ ಕತ್ತಲೆ ಬರುವಂಥ ನೋವು. ಕಾಲು ತಾನಾಗಿಯೇ ಮುಂದಕ್ಕೆ ಚಾಚಿಕೊಂಡಿತು, ನೆಟ್ಟಗೆ. ಕೂಟ ಒಟ್ಟಿಗೆ ನಿಂತಿತು, ಚಾಕುವಿನಲ್ಲಿ ಕತ್ತರಿಸಿದಷ್ಟು ಅಚ್ಚುಕಟ್ಟಾಗಿ. ಅಷ್ಟು ಚೆನ್ನಾಗಿ ಅವರು ಇನ್ನಾವ ಹಾಡನ್ನೂ ನಿಲ್ಲಿಸಿರಲಿಲ್ಲ.

ಹೋಬರ್ಟ್ ಗಾರ್ನೆಟ್‌ನ ಕಡೆ ತಿರುಗಿ ನೋಡಿದ. "ಸರಿ ಹಾಗಾದ್ರೆ," ಎಂದ. ಪಿಟೀಲನ್ನು ಒಳಗಿಟ್ಟು ಪೆಟ್ಟಿಗೆಯ ಎರಡೂ ಕೊಂಡಿ ಒತ್ತಿದ. ಕಣ್ಣು ಮುಚ್ಚಿಕೊಂಡೇ ನುಡಿಸುವ ಗಾರ್ನೆಟ್ ಆಗ ಕಣ್ಣು ತೆರೆದು, "ಯಾರ್ರೀ ಕಾಲೆತ್ತಿದ್ದು?" ಎಂದು ಸುತ್ತ ನೋಡಿದ. ಒಬ್ಬರು ಇನ್ನೊಬ್ಬರನ್ನು ನೋಡಿದರು. ವರ್ಲಿನ್ ಮೀನಖಂಡ ಉಜ್ಜಿಕೊಳ್ಳುತ್ತಾ ತಾನೂ ಇನ್ನೊಬ್ಬರನ್ನು ನೋಡಿದ. ಅದೇ ಅವನನ್ನು ಒಂದು ವರ್ಷ ನಿದ್ದೆಗೆ ಬಿಡದ ವಿಷಯ. ಕಾಲು ಎತ್ತಿದ್ದಲ್ಲ, ಆ ನೋಟ. "ನನ್ನ ಕಾಲು" ಎನ್ನಲು ಎರಡು ಶಬ್ದ ಸಾಕಿತ್ತು, ನಾಲ್ಕು ಗಳಿಗೆಯ ಅವಕಾಶವೂ ಇತ್ತು. ನಾಲ್ಕೂ ಕಳೆದ ಮೇಲೆ ಮಾತಿಗೆ ಬೇರೆಯೇ ಭಾರ ಬಂತು, ರಾತ್ರಿಗೆ ಇನ್ನೂ ಭಾರವಾಯಿತು, ಭಾನುವಾರದ ಭಜನೆಗೂ ನಿಲ್ಲದೆ ಹೋಬರ್ಟ್ ಗಾಡಿ ಕಟ್ಟಿಕೊಂಡು ಹೊರಟುಹೋದ ಮೇಲೆ ಎತ್ತಲಾಗದಷ್ಟಾಯಿತು. ಹಾಡು ಎತ್ತಿಕೊಂಡವನು ಗಾರ್ನೆಟ್, ಆದ್ದರಿಂದ ಕಾಲೂ ಗಾರ್ನೆಟ್‌ನದೇ ಎಂದು ಊರು ತೀರ್ಮಾನಿಸಿತು. ಹೆಂಡತಿ ಸತ್ತ ಮುದುಕನ ಸರದಿಯನ್ನು ನುಂಗಿದವನು ಎಂಬ ಹೆಸರು ಅವನಿಗೆ ಅಂಟಿಕೊಂಡಿತು.

ವರ್ಲಿನ್ ಅಂಚೆಯವನಾಗಿರದಿದ್ದರೆ ಇದನ್ನು ಮರೆತೂ ಬಿಡಬಹುದಿತ್ತು. ಮೂವತ್ತೆರಡು ವರ್ಷದಿಂದ ಅದೇ ಬೆಟ್ಟದ ದಾರಿ, ಗುಡ್ಡದ ಈಚೆ ಗಾರ್ನೆಟ್‌ನ ಮನೆ, ಆಚೆ ಹೋಬರ್ಟ್‌ದು. ಫೆಬ್ರವರಿಯ ಒಂದು ಬೆಳಿಗ್ಗೆ ಗಾರ್ನೆಟ್‌ನ ರಸ್ತೆಬದಿಯ ಅಂಚೆ ಡಬ್ಬದಲ್ಲಿ, ಒಯ್ಯಲೆಂದು ಇಟ್ಟ ಒಂದು ಕಾಗದ ಸಿಕ್ಕಿತು, ದಪ್ಪ ಲಕೋಟೆ, ಬಡಗಿಯ ಪೆನ್ಸಿಲಿನ ದೊಡ್ಡ ಅಕ್ಷರದಲ್ಲಿ ಹೋಬರ್ಟ್‌ನ ವಿಳಾಸ. ಎರಡು ಮೈಲಿ ದೂರದ ಮನೆಗೆ ಅಂಚೆ! ಅದನ್ನು ಒಯ್ದು ಹೋಬರ್ಟ್‌ನ ಡಬ್ಬಕ್ಕೆ ಹಾಕಿದವನು ವರ್ಲಿನ್. ಮೂರು ದಿನ ಬಿಟ್ಟು ಅದೇ ಡಬ್ಬದಲ್ಲಿ ಅದೇ ಲಕೋಟೆ ಕಾದಿತ್ತು, ತೆರೆದಿರಲಿಲ್ಲ, ಮೇಲೆ ಅಡ್ಡಲಾಗಿ 'ಬೇಡ, ಕಳಿಸಿದವನಿಗೇ ಕೊಡಿ' ಎಂದು ಬರೆದಿತ್ತು. ಅದನ್ನು ತಂದು ಗಾರ್ನೆಟ್‌ನ ಡಬ್ಬಕ್ಕೆ ಹಾಕಿದವನೂ ವರ್ಲಿನ್. ಹಾಕಿ, ಗಾಡಿಯನ್ನು ಚಾಲೂ ಮಾಡದೆ, ಹಿಮದ ನಡುವೆ, ಅದರೊಳಗೇ ಐದು ನಿಮಿಷ ಕೂತಿದ್ದ. ಲಕೋಟೆಯೊಳಗೆ ಏನಿದೆ ಎಂದು ಅವನಿಗೆ ಗೊತ್ತಿತ್ತು, ಕಾಲು ನನ್ನದಲ್ಲ ಎಂದಿರುತ್ತದೆ. ಬರೆದವನನ್ನು ಬಿಟ್ಟರೆ ಆ ಮಾತು ನಿಜವೆಂದು ಜಗತ್ತಿನಲ್ಲಿ ಗೊತ್ತಿರುವ ಒಬ್ಬನೇ ಒಬ್ಬ ಮನುಷ್ಯ ಅದನ್ನು ಎರಡು ಸಲ ಕೈಯಲ್ಲಿ ಹಿಡಿದು ಹೊತ್ತಿದ್ದ.

ಶುಕ್ರವಾರ ಸಂಜೆಗೆ ಮುಂಚೆ ನೆಲ್ಡಾ ಒಂದು ತಟ್ಟೆಯಲ್ಲಿ ಸೇಬಿನ ಕಡುಬು ಇಟ್ಟು, ಬಟ್ಟೆ ಮುಚ್ಚಿ, "ಹೋಬರ್ಟ್‌ಗೆ ಕೊಟ್ಟು ಬಾ, ಸುಮ್ನೆ ತಿರುಗ್ತಾ ಇರ್ಬೇಡ," ಎಂದಳು. ಹೊಲ ದಾಟುವಷ್ಟರಲ್ಲಿ ವರ್ಲಿನ್ ಮಾತನ್ನು ಮೂರು ಬಗೆಯಲ್ಲಿ ಜೋಡಿಸಿಕೊಂಡಿದ್ದ. ಹೋಬರ್ಟ್ ತೊರೆಗೆ ಕಾಲು ಇಳಿಬಿಟ್ಟು ಕೂತಿದ್ದ, ಎಪ್ಪತ್ತೊಂಬತ್ತರ ಉದ್ದನೆಯ ಒಣಕಲು ಮನುಷ್ಯ, ಅಂಗಿಯ ಮೇಲಿನ ಗುಂಡಿಯನ್ನೂ ಬಿಗಿಯಾಗಿ ಹಾಕಿಕೊಂಡಿದ್ದ. "ಕಾಗದ ಏನಾದ್ರೂ ತಂದ್ಯೇನೋ?" ಎಂದು ಕೇಳಿದ, ಅವನ ಹಳೆಯ ತಮಾಷೆ ಅದು. ವರ್ಲಿನ್‌ಗೆ ಆ ಶಬ್ದ ಕೇಳಿಯೇ ಮೂರೂ ಬಗೆ ಮರೆತುಹೋಯಿತು. ಕಡುಬು ಕೊಟ್ಟ. ಹೋಬರ್ಟ್ ಕಾಫಿ ಕೊಟ್ಟ. ಈ ಸಲದ ಮಳೆ, ರಸ್ತೆಗೆ ಬಿದ್ದ ಓಕ್ ಮರ, ವರ್ಲಿನ್‌ನ ನಿವೃತ್ತಿ, ಎಲ್ಲ ಬಂತು. ವೇದಿಕೆಯ ಮೇಲಿಂದ ಯಾರದೋ ಮೂರು ದನಿಯ ಹಾಡು ಹೊಲದ ಮೇಲೆ ತೇಲಿ ಬರುತ್ತಿತ್ತು, ಇಬ್ಬರೂ ಮಾತು ನಿಲ್ಲಿಸಿ ಕೇಳಿದರು. "ಮೇಲಿನ ದನಿ ಚೂರು ಏರಿತು," ಎಂದ ಹೋಬರ್ಟ್. "ಹೌದು," ಎಂದ ವರ್ಲಿನ್. ಖಾಲಿ ತಟ್ಟೆ ಹಿಡಿದು ವಾಪಸ್ ಬರುವಾಗ ತಾನು ಅರವತ್ತೊಂದರ ಗಂಡಸೋ, ಹೋಂವರ್ಕ್ ಮಾಡದೆ ಶಾಲೆಗೆ ಹೋದ ಹುಡುಗನೋ ಎಂದು ಅವನಿಗೇ ಅನುಮಾನವಾಯಿತು.

ಶನಿವಾರ ಬೆಳಿಗ್ಗೆ ವೇದಿಕೆಯ ಮುಂದೆ ಖಾಲಿ ಕುರ್ಚಿಗಳ ದೊಡ್ಡ ಹಿಂಡು. ನಿನ್ನೆಯೇ ತಂದು ಹಾಕಿಟ್ಟು ಹೋದವರವು, ಹೆಸರು ಬರೆದಿದೆ, ಕದಿಯುವವರಿಲ್ಲ, ಒಡೆಯ ಬರುವವರೆಗೆ ಯಾರು ಬೇಕಾದರೂ ಕೂರಬಹುದು, ಬಂದಾಗ ಏಳಬೇಕು. ವರ್ಲಿನ್ ಗುರುತಿಲ್ಲದ ಯಾರದೋ ಕುರ್ಚಿಯಲ್ಲಿ, ಎರಡನೇ ಸಾಲಿನಲ್ಲಿ, ಹಂದಿಮಾಂಸದ ಹೋಳು ಇಟ್ಟ ಬನ್ನು ತಿನ್ನುತ್ತಾ ಕೂತ. ಮೇಲೆ ಐದು ಜನ ಒಂದೇ ಮೈಕಿನ ಸುತ್ತ ಒಬ್ಬರನ್ನೊಬ್ಬರು ತಟ್ಟದೆ ಮುಂದೆ ಬಂದು ಹಿಂದೆ ಸರಿದು ನುಡಿಸುತ್ತಿದ್ದರು. ಮ್ಯಾಂಡೊಲಿನ್ ಹಿಡಿದ ಹುಡುಗಿ ಮುಂದೆ ಬಂದರೆ ಪಿಟೀಲಿನವನು ಮೊಣಕೈ ಒಳಗೆಳೆದುಕೊಳ್ಳುತ್ತಿದ್ದ. ಇಷ್ಟು ಸೂಕ್ಷ್ಮವಾಗಿ ದಾರಿ ಬಿಟ್ಟುಕೊಡುವುದನ್ನು ಮನುಷ್ಯರು ವಾದ್ಯ ಕೈಯಲ್ಲಿದ್ದಾಗ ಮಾತ್ರ ಯಾಕೆ ಮಾಡುತ್ತಾರೆ ಎಂದು ಅವನು ಯೋಚಿಸಿದ. ಯೋಚನೆ ಹೆಚ್ಚು ದೂರ ಹೋಗಲಿಲ್ಲ, ಏಕೆಂದರೆ ಹಾಡು ಚೆನ್ನಾಗಿತ್ತು. ಹಿಂದಿನ ಬೆಟ್ಟದ ಮೇಲೆ ಮಂಜು ಕರಗುತ್ತಿತ್ತು, ಒದ್ದೆ ಹುಲ್ಲಿನ ವಾಸನೆ, ಬೂಟಿನ ಹಳದಿ ಲೇಸಿನ ಮೇಲೆ ಒಂದು ಮಿಡತೆ. ಎದೆ ತುಂಬಿ ಬಂತು. ಆಗಲೇ ಕುರ್ಚಿಯ ಒಡತಿ ಬಂದು, ದಪ್ಪ ಹೆಂಗಸು, "ಕೂತ್ಕೊಳ್ಳಿ ಕೂತ್ಕೊಳ್ಳಿ, ಹಾಡು ಮುಗೀಲಿ," ಎಂದು ಪಕ್ಕದಲ್ಲೇ ನಿಂತಳು. ಪರರ ಜಾಗದಲ್ಲಿ ಕೂತು ಅವರನ್ನು ನಿಲ್ಲಿಸಿದ್ದೇನೆ ಎಂಬುದನ್ನು ಅವನಿಗೆ ತಟ್ಟನೆ ಸಹಿಸಲಾಗಲಿಲ್ಲ. ಹಾಡಿನ ನಡುವೆಯೇ ಎದ್ದು, ಟೋಪಿ ತೆಗೆದು, ಜನರ ಕಾಲು ತುಳಿಯುತ್ತಾ ಹೊರಗೆ ಬಂದು, ನಿಲ್ಲದೆ ತೊರೆಯ ಕಡೆಗೆ ನಡೆದ. ನಿಂತರೆ ಮತ್ತೆ ಮಾತು ಜೋಡಿಸಬೇಕಾಗುತ್ತಿತ್ತು.

"ಹೋಬರ್ಟ್, ಹೋದ್ ವರ್ಷ ಕಾಲೆತ್ತಿದ್ದು ನಾನು. ಗಾರ್ನೆಟ್ ಅಲ್ಲ. ನರ ಹಿಡ್ಕೊಂಡಿತ್ತು," ಎಂದ, ಇನ್ನೂ ಹತ್ತು ಹೆಜ್ಜೆ ದೂರವಿರುವಾಗಲೇ.

ಹೋಬರ್ಟ್ ಕನ್ನಡಿ ಮುಂದಿಟ್ಟುಕೊಂಡು ಗಡ್ಡ ಹೆರೆಯುತ್ತಿದ್ದ. ಒಂದು ಕೆನ್ನೆಗೆ ನೊರೆಯಿತ್ತು. "ಗೊತ್ತು," ಎಂದ.

"ಏನು?"

"ಗೊತ್ತು ಅಂದೆ. ನಿನ್ನ ಎದುರಿಗೇ ಕೂತಿದ್ನಲ್ಲೋ. ಆ ದರಿದ್ರ ಹಳದಿ ಲೇಸು. ಕಣ್ಣಿಗೇ ಬಂದು ಹೊಡೀತು."

ವರ್ಲಿನ್ ಹುಲ್ಲಿನ ಮೇಲೆ ಕೂತುಬಿಟ್ಟ. ಒಂದು ವರ್ಷ ಹೊತ್ತದ್ದನ್ನು ಇಳಿಸಿದರೆ ಹಗುರಾಗುತ್ತದೆ ಎಂದುಕೊಂಡಿದ್ದ, ಹಾಗಾಗಲಿಲ್ಲ. ಮೊದಲು ಬಂದದ್ದು ಸಿಟ್ಟು. "ಗೊತ್ತಿದ್ದೂ ಗಾರ್ನೆಟ್‌ನ ಕಾಗದ ವಾಪಸ್ ಕಳಿಸಿದ್ರಿ? ನನ್ನ ಕೈಲೇ?"

ಹೋಬರ್ಟ್ ಉಳಿದ ಕೆನ್ನೆಯನ್ನು ನಿಧಾನವಾಗಿ ಹೆರೆದ, ಕತ್ತಿಯನ್ನು ನೀರಿಗೆ ಅದ್ದಿ ಒರೆಸಿದ, ಟವಲನ್ನು ನಾಲ್ಕು ಮಡಿಕೆ ಮಾಡಿದ. "ಐವಾದ್ರಲ್ಲಿ ಎರಡನೇ ಭಾಗ ಇದೆಯಲ್ಲ," ಎಂದ ಆಮೇಲೆ. "ಅಲ್ಲೊಂದು ತಿರುವು. ನೀವೆಲ್ಲ ನೇರ ಹೊಡ್ಕೊಂಡ್ ಹೋಗ್ತೀರಿ. ನಾನೊಬ್ನೇ ಅಲ್ಲಿ ಬೇರೆ ಥರ ಹೋಗ್ತಿದ್ದೆ. ಅದು ಅವಳು ಹೇಳಿದ್ದು. 'ಇಲ್ಲಿ ಹೀಗೆ ಮಾಡು' ಅಂತ ಬಾಯಲ್ಲಿ ಹಾಡಿ ತೋರ್ಸಿದ್ಲು, ಅಡುಗೆಮನೇಲಿ. ಆವತ್ತು ಪಿಟೀಲು ಗದ್ದಕ್ಕಿಟ್ಟೆ. ಮೊದಲ್ನೇ ಭಾಗ ಇದೆ. ಎರಡನೇದೂ ಇದೆ. ಆ ತಿರುವಿಲ್ಲ. ಖಾಲಿ. ಐವತ್ತು ವರ್ಷ ಬಾರಿಸಿದ್ದು, ಬೆರಳು ಎಲ್ಲಿಗೆ ಹೋಗ್ಬೇಕು ಅಂತ ಗೊತ್ತಿಲ್ಲ. ಸತ್ತು ಎಂಟು ತಿಂಗಳಾಗಿರ್ಲಿಲ್ಲ, ಅವಳದ್ದನ್ನ ಮರ್ತು ಕೂತಿದೀನಿ, ಎಲ್ರೂ ನನ್ನೇ ನೋಡ್ತಿದಾರೆ." ಅವನು ತೊರೆಯ ಕಡೆ ನೋಡಿದ. "ಆಗ ನಿನ್ನ ಕಾಲೆದ್ದಿತು. ದೇವರಾಣೆ ವರ್ಲಿನ್, ಆ ಬೂಟಿಗೆ ಮುತ್ತು ಕೊಡೋಣ ಅನ್ನಿಸ್ತು."

"ಮತ್ತೆ ಗಾರ್ನೆಟ್..."

"ಸಿಟ್ಟಾದೋನನ್ನ ಯಾಕೆ ಬಾರಿಸ್ಲಿಲ್ಲ ಅಂತ ಯಾರೂ ಕೇಳೋದಿಲ್ಲ ಕಣೋ. ಸಿಟ್ಟಾಗೋಕೆ ಒಬ್ಬ ಬೇಕಿತ್ತು. ಅವನು ಪಕ್ಕದಲ್ಲೇ ಸಿಕ್ಕ."

ವರ್ಲಿನ್‌ಗೆ ಐವಾ ನೆನಪಾದಳು. ಅವನ ಅಂಚೆಯ ದಾರಿಯಲ್ಲಿ ಅವಳು ಬೇಸಿಗೆಯಲ್ಲೆಲ್ಲ ಜಗಲಿಯ ಮೇಲೆ ಕೂತು ಬೀನ್ಸಿನ ನಾರು ತೆಗೆಯುತ್ತಿದ್ದಳು. ಗಾಡಿ ನಿಂತ ಸದ್ದಿಗೆ ಬಾಯಲ್ಲಿದ್ದ ಅದೇ ರಾಗವನ್ನು ಅಲ್ಲಿಗೇ ಬಿಟ್ಟು, "ಬಿಲ್ಲುಗಳೆಲ್ಲ ನಿಂಗಿರ್ಲಿ, ಕಾಗದ ನಂಗೆ ಕೊಡು," ಎನ್ನುತ್ತಿದ್ದಳು. ಡಬ್ಬಕ್ಕೆ ಹಾಕಿ ಹೊರಟ ಮೇಲೆ ಬಿಟ್ಟಲ್ಲಿಂದ ಮತ್ತೆ ಎತ್ತಿಕೊಳ್ಳುತ್ತಿದ್ದಳು. ಮೂವತ್ತು ವರ್ಷ ಕೇಳಿದ್ದ. ಕೇಳಿದ್ದು ಬೇರೆ, ಕಲಿತದ್ದು ಬೇರೆ. "ಪಿಟೀಲು ತಂದಿದೀರಾ?" ಎಂದು ಮಾತ್ರ ಕೇಳಿದ.

"ತರದೆ? ಅದನ್ನ ಮನೇಲಿ ಒಂದೇ ಬಿಟ್ಟು ಬರ್ತಾರಾ?" ಎಂದ ಹೋಬರ್ಟ್. "ತೆಗ್ದಿಲ್ಲ ಆದ್ರೆ. ಆವತ್ತಿಂದ ತೆಗ್ದಿಲ್ಲ. ನೀನು ಹೋಗು. ಗಾರ್ನೆಟ್‌ಗೆ ನಿನ್ನ ಕಾಲಿನ ವಿಷಯ ಹೇಳೋದಾದ್ರೆ ಹೇಳು. ನಂದು ಹೇಳ್ಬೇಡ."

ನಾಲ್ಕು ಗಂಟೆಗೆ ಗಾರ್ನೆಟ್‌ನ ಟಾರ್ಪಾಲಿನಡಿ ಕುರ್ಚಿಗಳು ದುಂಡಗಾದವು. ಆಳುದ್ದದ ಬಾಸ್ ಪಿಟೀಲು ನುಡಿಸುವ ಟ್ರೂಡಿ, ಮ್ಯಾಂಡೊಲಿನ್ನಿನ ಅಣ್ಣತಮ್ಮಂದಿರು, ಅವರಿವರು, ಹತ್ತು ಜನ. ವರ್ಲಿನ್ ಗಿಟಾರನ್ನು ಚೀಲದಿಂದ ತೆಗೆಯಲಿಲ್ಲ, ನಿಂತೇ ಇದ್ದ. "ಒಂದ್ ಮಾತು," ಎಂದ. ದನಿ ಅಂದುಕೊಂಡದ್ದಕ್ಕಿಂತ ಜೋರಾಗಿ ಬಂತು. ಕಾಲು, ನರ, ಆ ಗಳಿಗೆಯಲ್ಲಿ ತಾನೂ ಸುತ್ತ ನೋಡಿದ್ದು, ಎಲ್ಲವನ್ನೂ ಹೇಳಿದ. ಹೋಬರ್ಟ್‌ನದನ್ನು ಹೇಳಲಿಲ್ಲ. ಅದನ್ನು ಬಿಟ್ಟು ಹೇಳಿದಾಗ ಕತೆಯಲ್ಲಿ ಉಳಿದ ಏಕೈಕ ಕಳ್ಳ ತಾನೇ ಎಂದು ಹೇಳುತ್ತಿರುವಾಗಲೇ ಅವನಿಗೆ ಕಂಡಿತು, ಆದರೂ ಅಷ್ಟು ಕಷ್ಟವಾಗಲಿಲ್ಲ. ಮೊದಲು ನಕ್ಕದ್ದು ಟ್ರೂಡಿ. ಬಾಸನ್ನು ತಬ್ಬಿಕೊಂಡೇ ನಕ್ಕಳು. ಮ್ಯಾಂಡೊಲಿನ್ನಿನ ತಮ್ಮ, "ವರ್ಲಿನ್‌ಗೆ ಮೂವತ್ತು ವರ್ಷಕ್ಕೊಂದ್ಸಲ ಸರದಿ ತಗೋಬೇಕು ಅನ್ನಿಸಿದ್ರೆ ಕಾಲಲ್ಲಿ ತಗೋತಾನೆ," ಎಂದ. ಎಲ್ಲರೂ ನಕ್ಕರು. ನೆಲ್ಡಾ ನಗಲಿಲ್ಲ, ಆದರೆ ಅವನನ್ನು ನೋಡುತ್ತಿದ್ದಳು, ಮುಖದಲ್ಲಿ ಕೋಪವಿರಲಿಲ್ಲ. ಗಾರ್ನೆಟ್ ಬ್ಯಾಂಜೊವನ್ನು ಮಡಿಲಲ್ಲಿ ಬೋರಲು ಹಾಕಿಕೊಂಡ.

"ಫೆಬ್ರವರೀಲಿ ಒಂದ್ ಕಾಗದ ಬರ್ದಿದ್ದೆ," ಎಂದ ಗಾರ್ನೆಟ್.

"ಹ್ಞೂಂ."

"ವಾಪಸ್ ತಂದ್ ಹಾಕಿದೋನು ನೀನೇ."

"ಹ್ಞೂಂ. ನಾನೇ."

ನಗು ನಿಂತಿತು. ಗಾರ್ನೆಟ್ ಎದ್ದು ಕ್ಯಾಂಪರಿನೊಳಗೆ ಹೋದ. ಒಳಗೆ ಏನೋ ಹುಡುಕುವ, ಬೀಳುವ ಸದ್ದು. ಅವನು ಬ್ಯಾಂಜೊ ಎತ್ತಿಟ್ಟು ಬಾಗಿಲು ಹಾಕಿಕೊಳ್ಳುತ್ತಾನೆ, ತಾನು ಗಿಟಾರ್ ಚೀಲವನ್ನು ಹೆಗಲಿಗೆ ಹಾಕಿಕೊಂಡು ಹೋಗಬೇಕು, ನೆಲ್ಡಾ ಟಾರ್ಪಾಲು ಬಿಚ್ಚಬೇಕು ಎಂದು ವರ್ಲಿನ್ ಒಂದೊಂದಾಗಿ ಮನಸ್ಸಿನಲ್ಲೇ ಮಾಡಿ ಮುಗಿಸುತ್ತಿದ್ದ. ಗಾರ್ನೆಟ್ ಬಟ್ಟೆ ಒಣಹಾಕುವ ಹಗ್ಗದ ಸುರುಳಿ ಹಿಡಿದು ಹೊರಗೆ ಬಂದ. "ಕೂತ್ಕೊ," ಎಂದ. ವರ್ಲಿನ್ ಕೂತ. ಐದಡಿಯ ಆ ದಪ್ಪ ಮನುಷ್ಯ ಏದುಸಿರು ಬಿಡುತ್ತಾ ಮಂಡಿಯೂರಿ, ವರ್ಲಿನ್‌ನ ಬಲಗಾಲನ್ನು ಕುರ್ಚಿಯ ಕಾಲಿಗೆ ಸೇರಿಸಿ ಕಟ್ಟತೊಡಗಿದ. ಎರಡು ಸುತ್ತು, ಮೂರು ಸುತ್ತು. ಜನ ಮತ್ತೆ ಹೋ ಎಂದರು. ಮೇಲಿನಿಂದ ನೋಡಿದವರಿಗೆ ಅದು ತಮಾಷೆಯೇ. ಆದರೆ ಗಂಟನ್ನು ಎಳೆದಾಗ ಗಾರ್ನೆಟ್ ಪೂರ್ತಿ ಬಲ ಹಾಕಿ ಎಳೆದ, ವರ್ಲಿನ್‌ಗೆ ನೋವಾಯಿತು, ನೋವಾಯಿತೆಂದು ಗಾರ್ನೆಟ್‌ಗೂ ಗೊತ್ತಾಯಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. "ಒಂದು ವರ್ಷ, ವರ್ಲಿನ್," ಎಂದ ಗಾರ್ನೆಟ್, ಅವನಿಗೊಬ್ಬನಿಗೇ ಕೇಳುವಂತೆ. ಆಮೇಲೆ ಗಂಟನ್ನು ಒಂದಿಷ್ಟು ಸಡಿಲಿಸಿ ಎದ್ದು ಹೋಗಿ ತನ್ನ ಜಾಗದಲ್ಲಿ ಕೂತ. ಶಿಕ್ಷೆ ಇಷ್ಟೇ ಎಂದು ವರ್ಲಿನ್‌ಗೆ ನಂಬಲಾಗಲಿಲ್ಲ, ಸಾಲದೆಂದೂ ಅನ್ನಿಸಿತು.

ವರ್ಲಿನ್ ಗಿಟಾರ್ ತೆಗೆದು ಮೀಟತೊಡಗಿದ ಮೇಲೆ ಎರಡು ಹಾಡು ಆಗಿರಬೇಕು. ಟ್ರೂಡಿ ಗದ್ದ ಎತ್ತಿ ಹೊಲದ ಕಡೆ ತೋರಿಸಿದಳು. ಹೋಬರ್ಟ್ ಬರುತ್ತಿದ್ದ. ಒಂದು ಕೈಯಲ್ಲಿ ಪೆಟ್ಟಿಗೆ, ಇನ್ನೊಂದರಲ್ಲಿ ಮಡಚಿದ ಕುರ್ಚಿ. ಯಾರೂ ನುಡಿಸುವುದನ್ನು ನಿಲ್ಲಿಸಲಿಲ್ಲ, ಯಾರೂ ಅವನನ್ನು ನೋಡಲಿಲ್ಲ. ಹಾಡು ಮುಗಿಯುವವರೆಗೂ ಅವನು ಟಾರ್ಪಾಲಿನ ಅಂಚಿನಲ್ಲಿ, ಬಿಸಿಲಲ್ಲೇ ನಿಂತಿದ್ದ. ಮುಗಿದ ಮೇಲೆ ಗಾರ್ನೆಟ್ ತನ್ನ ಕುರ್ಚಿಯನ್ನು ಒಂದು ಗೇಣು ಬಲಕ್ಕೆ ಜರುಗಿಸಿದ. ಇನ್ನೊಂದು ಗೇಣು ಜರುಗಿಸಿದ. ಹೋಬರ್ಟ್ ಆ ಸಂದಿಯಲ್ಲಿ ಕುರ್ಚಿ ಬಿಡಿಸಿ ಕೂತ. ವರ್ಲಿನ್ ಎದುರಿಗಿದ್ದವನು, ಕಟ್ಟಿದ ಕಾಲಿನೊಡನೆ ಕುರ್ಚಿಯನ್ನೇ ಎಳೆದುಕೊಂಡು ಹಿಂದಿನ ಸಾಲಿಗೆ ಸರಿಯಲು ನೋಡಿದ.

"ಎಲ್ಲಿಗೋ ಹೊರಟೆ?" ಎಂದ ಹೋಬರ್ಟ್. "ಅಲ್ಲೇ ಇರು. ನಂಗೆ ಕಾಣೋ ಹಾಗೆ ಕೂತ್ಕೊ."

ಎಲ್ಲರೂ ನಕ್ಕರು, ಮುದುಕನಿಗೆ ಆ ಕಾಲಿನ ಮೇಲೆ ಇನ್ನೂ ನಂಬಿಕೆ ಬಂದಿಲ್ಲವೆಂದು. ಅವನು ಕೇಳಿದ್ದು ಅದಕ್ಕೆ ತೀರ ಉಲ್ಟಾ, ತಿರುವು ಸಿಗದಿದ್ದರೆ ಆ ಕಾಲು ಮತ್ತೆ ಏಳಲೆಂದು, ಎಂಬುದು ವರ್ಲಿನ್‌ಗೊಬ್ಬನಿಗೆ ತಿಳಿಯಿತು. ಕುರ್ಚಿಯ ಕಾಲಿಗೆ ಬಿಗಿದ ಹಗ್ಗವನ್ನು ಹೋಬರ್ಟ್ ಅಲ್ಲಿಂದ ನೋಡಿರಲಾರ. ಹೇಳುವ ಹಾಗೂ ಇರಲಿಲ್ಲ.

"ಏನು ಬಾರಿಸೋಣ, ಹೋಬರ್ಟ್?" ಎಂದು ಗಾರ್ನೆಟ್ ನೆಲ ನೋಡುತ್ತಾ ಕೇಳಿದ.

"ನಿನ್ ಬ್ಯಾಂಜೊ ಶ್ರುತಿಯಲ್ಲಿದ್ರೆ ಹೇಳ್ತೀನಿ."

"ಇಲ್ಲ."

"ಹಾಗಾದ್ರೆ ಏನಾದ್ರೂ ನಡೆಯುತ್ತೆ. ಐವಾದು ತಗೋ."

ಗಾರ್ನೆಟ್ ಎತ್ತಿಕೊಂಡ. ಈ ಸಲ ಸರದಿಯನ್ನು ಎಲ್ಲಿಗೂ ಸುತ್ತಿಸದೆ, ಒಂದು ಬಾರಿ ತಾನು ನುಡಿಸಿ ನೇರ ಹೋಬರ್ಟ್‌ಗೇ ಬಿಟ್ಟ. ಪಿಟೀಲು ಒಂದು ವರ್ಷದ ಮೌನಕ್ಕೆ ಒರಟಾಗಿತ್ತು, ಕಮಾನು ತಂತಿಯ ಮೇಲೆ ಕೆರೆಯಿತು, ಮೊದಲ ಭಾಗ ಕುಂಟುತ್ತಲೇ ಸಾಗಿತು, ಆದರೆ ಅದು ಹೋಬರ್ಟ್‌ನದೇ ಎಂದು ಹೊಲದ ಆಚೆಯಿಂದಲೂ ಹೇಳಬಹುದಿತ್ತು. ವರ್ಲಿನ್ ಉಸಿರು ಬಿಗಿಹಿಡಿದು ತಾಳಕ್ಕೆ ಮೀಟುತ್ತಿದ್ದ. ಎರಡನೇ ಭಾಗ ಬಂತು. ತಿರುವು ಹತ್ತಿರ ಬಂತು. ಹೋಬರ್ಟ್‌ನ ಕಮಾನು ಒಂದೇ ಸ್ವರದ ಮೇಲೆ ಹಿಂದಕ್ಕೂ ಮುಂದಕ್ಕೂ ಎಳೆದಾಡಿತು, ಬಾಗಿಲ ಬಳಿ ಬೀಗದಕೈ ಮರೆತವನು ಜೇಬು ತಡಕಿದಂತೆ. ಅವನ ಕಣ್ಣು ವರ್ಲಿನ್‌ನ ಬೂಟಿಗೆ ಬಂತು. ಹಗ್ಗ ಕಂಡಿತು. ಮುದುಕನ ಮುಖ ಬಿಳಿಚಿಕೊಂಡಿತು. ಸುತ್ತಲಿನವರು ಏನೂ ತಿಳಿಯದೆ ನುಡಿಸುತ್ತಲೇ ಇದ್ದರು, ಅದೇ ನಾಲ್ಕು ಆವರ್ತವನ್ನು ಸುತ್ತಿ ಸುತ್ತಿ ಕಾಯುತ್ತಿದ್ದರು. ವರ್ಲಿನ್ ಬಾಯಿ ತೆರೆದ. ಅವನು ಕೂಟದಲ್ಲಿ ಈವರೆಗೆ ಹಾಡಿದವನಲ್ಲ, ಹಾಡುತ್ತೇನೆಂದು ಈಗಲೂ ನಿರ್ಧರಿಸಿರಲಿಲ್ಲ. ಜಗಲಿ, ಬೀನ್ಸು, ಗಾಡಿ ದೂರವಾದಂತೆ ಬೆನ್ನ ಹಿಂದೆ ಮತ್ತೆ ಏಳುತ್ತಿದ್ದ ಆ ಹೆಂಗಸಿನ ದನಿ, ಅದನ್ನೇ ನೆನೆದುಕೊಂಡು ಲಲಲ ಎಂದು ಹೊರಟ. ಗೊಗ್ಗರು ಗಂಟಲು. ತಿರುವಿನಲ್ಲಿ ಮೇಲಕ್ಕೆ ಹೋದ, ಇನ್ನೂ ಮೇಲಕ್ಕೆ, ಅಲ್ಲಿ ದನಿ ಒಡೆಯಿತು. ಟ್ರೂಡಿಯ ಹುಬ್ಬು ಏರಿತು. ನೆಲ್ಡಾ ಕೈಯಿಂದ ಬಾಯಿ ಮುಚ್ಚಿಕೊಂಡಳು.

"ಮೇಲಕ್ಕಲ್ವೋ, ಕತ್ತೆ!" ಎಂದು ಹೋಬರ್ಟ್ ಗದ್ದದಡಿಯ ಪಿಟೀಲು ಅಲುಗುವಂತೆ ಕೂಗಿದ. "ಕೆಳಕ್ಕೆ! ಅವಳು ಯಾವತ್ತೋ ಮೇಲಕ್ಕೆ ಹಾಡಿದ್ದು? ಕೆಳಕ್ಕೆ, ಹೀಗೆ..."

ಬೈಯುತ್ತಿದ್ದಂತೆಯೇ ಅವನ ಬೆರಳು ಕೆಳಕ್ಕೆ ಇಳಿದಿತ್ತು. ಇಳಿದದ್ದು ಅವನಿಗೆ ಒಂದು ಗಳಿಗೆ ಗೊತ್ತೇ ಆಗಲಿಲ್ಲ, ಬಾಯಿ ಇನ್ನೂ ಬೈಗುಳದ ಆಕಾರದಲ್ಲೇ ಇತ್ತು. ಗೊತ್ತಾದಾಗ ಬಾಯಿ ಮುಚ್ಚಿಕೊಂಡ. ಭಾಗ ಮುಗಿಯಿತು, ಸರದಿಯೂ ಮುಗಿಯಿತು, ಮ್ಯಾಂಡೊಲಿನ್ನಿನ ಅಣ್ಣ ತನ್ನದನ್ನು ಎತ್ತಿಕೊಳ್ಳಲು ಮುಂದೆ ಬಾಗಿದ್ದ, ಹೋಬರ್ಟ್ ಬಿಟ್ಟುಕೊಡಲಿಲ್ಲ. ಎರಡನೇ ಭಾಗವನ್ನು ಮತ್ತೆ ಮೊದಲಿನಿಂದ ಹಿಡಿದ, ತಿರುವಿಗೆ ಬಂದ, 'ಕೇಳಿದೆಯಾ' ಎಂಬಂತೆ ವರ್ಲಿನ್‌ನನ್ನು ದುರುಗುಟ್ಟಿ ನೋಡುತ್ತಾ ಮತ್ತೆ ಕೆಳಗಿಳಿದ. ಮೂರನೆಯ ಸಲವೂ ಹಿಡಿದ. ಒಬ್ಬನೇ ಮೂರು ಸರದಿ ನುಂಗುವುದನ್ನು ಆ ಕೂಟ ಯಾರಿಗೂ ಕ್ಷಮಿಸಿದ್ದಿಲ್ಲ. ಗಾರ್ನೆಟ್ ಕಣ್ಣು ತೆರೆದುಕೊಂಡೇ ನುಡಿಸುತ್ತಿದ್ದ. ಹತ್ತು ಜನರ ಎದುರು ಕತ್ತೆಯೆನಿಸಿಕೊಂಡ ವರ್ಲಿನ್ ಏಕರ್ಸ್ ಕೆಂಪು ಮುಖ ಮಾಡಿಕೊಂಡು ತಾಳ ತಪ್ಪದೆ ಗಿಟಾರ್ ಮೀಟುತ್ತಿದ್ದ, ಇನ್ನೊಂದು ಸಲ ಬೈದರೂ ಬೈಯಲಿ ಎಂದು ಕಾಯುತ್ತಾ.